ಆ ಕೊನೆಯ ಓವರ್ ಯಾರದು

ನಾಸಿಕದ ನಮ್ಮ ಕನ್ನಡಿಗರ ಕ್ರಿಕೆಟ್ ತಂಡಕ್ಕೆ ಹಲವು ವರ್ಷ ನಾನೇ ನಾಯಕ. ಬ್ಯಾಂಕಿನ ವರ್ಗಾವಣೆಯಲ್ಲಿ ಧಾರವಾಡದಿಂದ ಬಂದವನು, ನಿವೃತ್ತಿಯಾದ ಮೇಲೂ ಇಲ್ಲೇ ಉಳಿದೆ. ತಂಡ ಚದುರಿ, ಈಗ ವಾಟ್ಸಾಪ್ ಗುಂಪೊಂದೇ ಉಳಿದಿದೆ. ಹೋದ ವರ್ಷ ಅದರಲ್ಲಿ ಯಾರೋ ಕೇಳಿದರು: ನಮ್ಮ ಹಳೆಯ ಆಟಗಾರರಲ್ಲಿ ಅತ್ಯುತ್ತಮ ಹನ್ನೊಂದು ಮಂದಿ ಯಾರು?

ಐದೇ ನಿಮಿಷದಲ್ಲಿ ಪಟ್ಟಿ ಬರೆದೆ. ನಮ್ಮ ಸ್ಪಿನ್ನರ್ ಅದರಲ್ಲಿರಲಿಲ್ಲ. ಉಡುಪಿ ಕಡೆಯವನು, ಮನೆಯವರ ಹೋಟೆಲಿನಲ್ಲಿ ಬೆಳಗಿನ ಗಡಿಬಿಡಿ ಮುಗಿಸಿ ಮೈದಾನಕ್ಕೆ ಓಡಿಬರುತ್ತಿದ್ದ. ಹತ್ತಿರದ ಪಿಂಪಳಗಾಂವ್‌ನಲ್ಲಿ ನಡೆದ ಫೈನಲ್ ನಾವು ಸೋತದ್ದು ಅವನು ಹಾಕಿದ ಕೊನೆಯ ಓವರಿನಿಂದ ಎಂದು ಕೂಡಿದಾಗಲೆಲ್ಲ ನಾನು ನಗುತ್ತ ಹೇಳುತ್ತಿದ್ದೆ.

"ಪುಸ್ತಕ ನೋಡದ ಹ್ಯಾಂಗ ಬರದ್ರಿ?" ಎಂದಳು ಹೆಂಡತಿ. ಆಗ ಸ್ಕೋರ್ ಬರೆಯುತ್ತಿದ್ದವಳು ಅವಳೇ. ಅಟ್ಟದಿಂದ ಪುಸ್ತಕಗಳನ್ನು ಇಳಿಸಿ ನನ್ನ ಮುಂದಿಟ್ಟಳು.

ಎರಡು ದಿನ ಕೂತು ಲೆಕ್ಕ ಹಾಕಿದೆ. ಆ ಸ್ಪಿನ್ನರನ ಹೆಸರಿನ ಮುಂದೆ ವಿಕೆಟ್ ಕಡಿಮೆ, ಆದರೆ ರನ್ ಕೊಡದ ಚೆಂಡುಗಳ ಸಾಲುಸಾಲು ಚುಕ್ಕೆ. ಅವನ ಚೆಂಡಿಗೆ ರನ್ ಸಿಗದೆ ಚಡಪಡಿಸಿದವರು ಇನ್ನೊಂದು ತುದಿಯಿಂದ ನಾನು ಹಾಕಿದ ಚೆಂಡಿಗೆ ಬ್ಯಾಟು ಬೀಸಿ ಔಟಾಗಿದ್ದರು. ಹೊಗಳಿಕೆಯೆಲ್ಲ ನನ್ನ ಪಾಲಿಗೆ ಬಂದಿತ್ತು. ಕೊನೆಗೆ ಫೈನಲ್‌ನ ಪುಟ ತೆರೆದೆ. ಅವನ ಓವರುಗಳು ಮೊದಲೇ ಮುಗಿದಿದ್ದವು. ಕೊನೆಯ ಓವರ್ ನನ್ನದು.

"ನಿನಗ ಗೊತ್ತಿತ್ತೇನು?"

"ಒಮ್ಮೆ ಹೇಳಿದ್ದೆ. ನೀವು ಸಿಟ್ಟಾದ್ರಿ, ಬಿಟ್ಟೆ."

ಮರುದಿನ ಪುಸ್ತಕ ಚೀಲಕ್ಕೆ ಹಾಕಿಕೊಂಡು ಸಂಭಾಜಿನಗರದ, ಅಂದರೆ ಹಳೆಯ ಔರಂಗಾಬಾದಿನ, ಬಸ್ಸು ಹತ್ತಿದೆ. ಅವನು ಈಗ ಆ ಊರಿನ ಹತ್ತಿರದ ವಾಳೂಜ್‌ನಲ್ಲಿ ಹೋಟೆಲ್ ನಡೆಸುತ್ತಾನೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವನೆದುರು ಕೂತು, ಮೊದಲು ಪುಟ ತೆರೆದು ತೋರಿಸಿದೆ.

"ಆ ಓವರ್ ನಂದು. ಇಷ್ಟು ವರ್ಷ ನಿನ್ನ ಮ್ಯಾಲೆ ಹಾಕೀನಿ. ತಪ್ಪಾತು."

ಅವನು ಕನ್ನಡಕ ಏರಿಸಿ ಸಾಲಿನ ಮೇಲೆ ಬೆರಳಿಟ್ಟು ಓದಿದ. "ನಂದೇ ಅಂತ ನಾನೂ ನಂಬಿದ್ದೆ ಮಾರಾಯ್ರೇ. ನೀವು ಅಷ್ಟು ಸಲ ಹೇಳಿದ್ರಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದಕ್ಕೆ ನನ್ನ ಕಣ್ಣು ತುಂಬಿತು. ಅವನು ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಮಗಳನ್ನು ಕರೆದ. "ಇವಳಿಗೆ ಹೇಳಿ. ಸಣ್ಣವಳಿದ್ದಾಗಿಂದ ಆ ಕತೆ ಕೇಳಿದ್ದಾಳೆ."

ಹೇಳಿದೆ. ಅವಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ. "ಖರಂಚ್, ಕಾಕಾ?" ಎಂದಳು. ನಿಜ ಎಂದು ತಲೆಯಾಡಿಸಿದೆ. ಅವಳು ಪುಟದ ಫೋಟೋ ತೆಗೆದು, ಅಪ್ಪನ ಫೋನಿನಿಂದಲೇ ಗುಂಪಿಗೆ ಕಳಿಸಿದಳು. ಕೆಳಗೆ ನಾನು ಹೊಸ ಪಟ್ಟಿ ಬರೆದೆ, ಅವನ ಹೆಸರಿನಿಂದ ಶುರುಮಾಡಿ.

ಅವನು ಗಟ್ಟಿಯಾಗಿ ನಕ್ಕ. "ಮತ್ತೆ ನೀವು? ತಂಡದಲ್ಲಿ ಇದ್ದೀರಾ?"

"ಹನ್ನೆರಡನೇದವ," ಎಂದೆ.

ಊಟ ಮಾಡಿಸದೆ ಅವನು ಬಿಡಲಿಲ್ಲ. ಹಿಂದಿರುಗುವಾಗ ಬಸ್ಸು ದಾರಿಯ ಗಂಗಾಪುರ ದಾಟಿದ್ದೂ ಗೊತ್ತಾಗಲಿಲ್ಲ. ಅಷ್ಟು ಚೆನ್ನಾಗಿ ನಿದ್ದೆ ಬಂದಿತ್ತು.