ಟಿಲ್ಲರಿಗೆ ಎಣ್ಣೆಸ್ನಾನ

ನಮ್ಮ ಮನೆಯ ಪವರ್ ಟಿಲ್ಲರಿಗೆ ಆಯಿಲ್ ಬದಲಾಯಿಸುವವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಟಿಲ್ಲರಿನ ಮಾತು ಬಂದರೆ ಜನ ನನ್ನ ಗಂಡನ ಮುಖ ನೋಡುತ್ತಾರೆ. ಓಡಿಸುವವರು ಅವರೇ. ಕೆಸರುಗದ್ದೆಯಲ್ಲಿ ದಿನವಿಡೀ ಅದರ ಹಿಂದೆ ನಡೆಯುವುದು ಹುಡುಗಾಟವಲ್ಲ, ಒಪ್ಪುತ್ತೇನೆ. ಆದರೆ ಕೈಗೆ ಸ್ಪ್ಯಾನರ್ ಕೊಟ್ಟರೆ ಹಾವು ಹಿಡಿದವರ ಹಾಗೆ ಹಿಡಿಯುತ್ತಾರೆ.

ನನಗೆ ಈ ವಿದ್ಯೆ ತವರಿನಿಂದ ಬಂದದ್ದು. ಬೆಟ್ಟದಪುರದ ಕಡೆ ನಮ್ಮಪ್ಪನಿಗೆ ಹೊಗೆಸೊಪ್ಪಿನ ಹೊಲ, ಜೊತೆಗೊಂದು ಹಳೇ ಡೀಸೆಲ್ ಪಂಪು. ಅಪ್ಪ ಅದನ್ನು ಬಿಚ್ಚುವಾಗ ನಟ್ಟುಗಳನ್ನು ಬಿಚ್ಚಿದ ಕ್ರಮದಲ್ಲೇ ಗೋಣಿಚೀಲದ ಮೇಲೆ ಜೋಡಿಸಿಡುವುದು ನನ್ನ ಕೆಲಸ. ಒಂದು ಹಿಂದೆಮುಂದೆಯಾದರೂ ಅವರು ಎಲ್ಲವನ್ನೂ ಮತ್ತೆ ಬಿಚ್ಚುತ್ತಿದ್ದರು. ಮದುವೆಯಾಗಿ ಕೃಷ್ಣರಾಜನಗರದ ಪಕ್ಕದ ಈ ನಾಲೆ ಬಯಲಿನ ಊರಿಗೆ ಬಂದ ಮೇಲೂ ಆ ಅಭ್ಯಾಸ ಕೈಯಲ್ಲೇ ಉಳಿಯಿತು. ಒಂದು ವರ್ಷ ನಾಟಿಯ ಹೊತ್ತಿನಲ್ಲಿ ಪೇಟೆಯ ಮೆಕ್ಯಾನಿಕ್ ನಾಳೆ ಬರುತ್ತೇನೆಂದು ನಾಲ್ಕು ದಿನ ಕಾಯಿಸಿದ. ಐದನೇ ದಿನ ನಾನೇ ಸೆರಗು ಸಿಕ್ಕಿಸಿ ಟಿಲ್ಲರಿನ ಮುಂದೆ ಕೂತೆ. ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು ಅನ್ನುತ್ತದೆ ಗಾದೆ. ಸೊಸೆ ಮಾಡುವುದಕ್ಕೆ ಅದರಲ್ಲಿ ಜಾಗವೇ ಇಲ್ಲ.

ಮಾವ ಜಗಲಿಯ ಮೇಲಿಂದ ನೋಡುತ್ತಿದ್ದರು, ಹತ್ತಿರ ಬಂದು ಮುಟ್ಟುತ್ತಿರಲಿಲ್ಲ. ಅವರ ಜೀವವೆಲ್ಲ ಎತ್ತುಗಳ ಮೇಲೆ. ಯುಗಾದಿಯ ಬೆಳಿಗ್ಗೆ ನಮ್ಮೂರಲ್ಲಿ ಹೊನ್ನಾರು ಕಟ್ಟುತ್ತಾರೆ. ಎತ್ತು ನೇಗಿಲಿಗೆ ಪೂಜೆ ಮಾಡಿ, ಎಲ್ಲರೂ ಸೇರಿ ಹೊಲಕ್ಕೆ ಹೋಗಿ, ವರ್ಷದ ಮೊದಲ ಸಾಲು ಹೊಡೆಯುತ್ತಾರೆ. ಅದಕ್ಕೆ ನಮ್ಮ ಮನೆಯ ಜೋಡಿ ಒಂದು ವರ್ಷವೂ ತಪ್ಪಿರಲಿಲ್ಲ. ಹೋದ ವರ್ಷ ಮಾವನ ಮಂಡಿ ಸೋತು, ಎತ್ತು ಕಟ್ಟಿ ಬಿಡುವವರಿಲ್ಲದೆ ಆ ಜೋಡಿಯನ್ನು ಮಾರಿಬಿಟ್ಟೆವು. ಈ ಸಲ ಯುಗಾದಿ ಹತ್ತಿರ ಬಂದಾಗ ಮಾವ ಊಟಕ್ಕೆ ಕೂತವರು, ಎತ್ತಿಲ್ಲದ ಮನೆಯವರಿಗೆ ಹೊನ್ನಾರಿನಲ್ಲಿ ಏನು ಕೆಲಸ ಅಂದು, ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಟಿಲ್ಲರ್ ಹೋಗುತ್ತದೆ ಮಾವ, ನಾನು ತಯಾರು ಮಾಡುತ್ತೇನೆ, ಅಂದುಬಿಟ್ಟೆ. ಅವರು ಕೈ ತೊಳೆಯುತ್ತ, ಊರ ಮುಂದೆ ನಿಂತುಹೋದರೆ ಈ ಮನೆ ಮರ್ಯಾದೆ ನಿನ್ನ ತಲೆ ಮೇಲೆ, ಅಂದರು.

ಹಬ್ಬದ ಹಿಂದಿನ ದಿನ ಅಮಾವಾಸ್ಯೆ. ಅಮಾವಾಸ್ಯೆ ದಿನ ನೊಗ ಕಟ್ಟಬಾರದು ಅಂತ ಮಾವನ ತಕರಾರು. ನೊಗ ಕಟ್ಟುತ್ತಿಲ್ಲ, ಮೈ ತೊಳೆಯುತ್ತಿದ್ದೇನೆ, ಅಂದೆ. ಇಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ, ಬಿಸಿಯಿರುವಾಗಲೇ ಹಳೇ ಆಯಿಲ್ ಇಳಿಸಿದೆ. ಕಾಫಿ ಡಿಕಾಕ್ಷನ್ನಿಗಿಂತ ಕಪ್ಪಗಿತ್ತು. ಹೊಸದನ್ನು ಗುರುತಿನವರೆಗೆ ಮಾತ್ರ ಹುಯ್ದೆ. ಗಾಳಿ ಎಳೆಯುವ ಫಿಲ್ಟರನ್ನು ಡೀಸೆಲ್ಲಿನಲ್ಲಿ ಜಾಲಿಸಿ ಒಣಗಿಸಿದೆ. ಇಂಜಿನ್ನಿನ ಬಲವನ್ನು ಚಕ್ರಕ್ಕೆ ಮುಟ್ಟಿಸುವ ಮೂರು ಬೆಲ್ಟುಗಳನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ ಬಿಗಿ ಮಾಡಿದೆ. ಬೆಳಿಗ್ಗೆ ಇನ್ನೊಂದು ಸಲ ನೋಡೋಣವೆಂದು ಬೆಲ್ಟಿನ ಮುಚ್ಚಳವನ್ನು ಹಾಕದೆ ಪಕ್ಕಕ್ಕೆ ಒರಗಿಸಿದೆ. ಸಂಜೆ ಹ್ಯಾಂಡಲ್ ತಿರುಗಿಸಿದ ಮೊದಲ ಸುತ್ತಿಗೇ ಇಂಜಿನ್ ಹತ್ತಿತು. ಅಂಗಳದಲ್ಲಿ ಎರಡು ಸುತ್ತು ಹಾಕಿಸಿ ನಿಲ್ಲಿಸಿದಾಗ ನನಗೆ ನನ್ನ ಮೇಲೇ ಮೆಚ್ಚಿಗೆಯಾಯಿತು. ಆಗಬಾರದು ಅನ್ನುತ್ತಾರೆ, ನನಗಂತೂ ಆಯಿತು.

ಬೆಳಿಗ್ಗೆ ಎದ್ದು ನೋಡುತ್ತೇನೆ, ಟಿಲ್ಲರಿಗೆ ಮೂರು ಬೆರಳ ವಿಭೂತಿ, ಕುಂಕುಮ, ಹಿಡಿಗೆ ಚೆಂಡುಹೂವಿನ ಹಾರ, ಮಾವಿನ ಸೊಪ್ಪು. ಬೆಲ್ಟಿನ ಮುಚ್ಚಳವೂ ಅದರ ಜಾಗದಲ್ಲಿ ಕೂತಿತ್ತು. ಮಾವ ಪಕ್ಕದಲ್ಲೇ ಹೊಸ ಪಂಚೆ ಉಟ್ಟು ನಿಂತಿದ್ದರು. ಅವರು ಅದನ್ನು ಕೈಯಾರೆ ಮುಟ್ಟಿದ್ದು ಅದೇ ಮೊದಲು. ಆ ಖುಷಿಯಲ್ಲಿ ಬೆಲ್ಟು ನೋಡುವುದನ್ನೇ ಮರೆತೆ.

ಅರಳಿಕಟ್ಟೆಯ ಹತ್ತಿರ ಆಗಲೇ ನಾಲ್ಕು ಜೋಡಿ ಎತ್ತು ನಿಂತಿದ್ದವು, ತಮಟೆ ಶುರುವಾಗಿತ್ತು. ನಮ್ಮ ಮನೆ ಕಟ್ಟೆಗೆ ಎದುರೇ ಇರುವುದರಿಂದ ಎಲ್ಲರ ಕಣ್ಣೂ ನಮ್ಮ ಅಂಗಳದ ಮೇಲೆ. ಗಂಡ ಇಂಜಿನ್ ಹತ್ತಿಸಿ ಕ್ಲಚ್ ಬಿಟ್ಟರು. ಇಂಜಿನ್ ಗುಡುಗುಡು ಅನ್ನುತ್ತಿದೆ, ಚಕ್ರ ಮಾತ್ರ ಅಲ್ಲಾಡುತ್ತಿಲ್ಲ. ಮತ್ತೆ ಬಿಟ್ಟರು. ಅದೇ ಕತೆ.

ಪಕ್ಕದ ಮನೆಯ ಹಿರಿಯರು ಕಟ್ಟೆ ಮೇಲಿಂದ, "ಗೌಡ್ರೆ, ನಿಮ್ ಎತ್ತು ಗುಟುರು ಆಕ್ತದೆ, ಎಜ್ಜೆ ಆಕಾಕಿಲ್ಲ ಕಣ್ರೀ," ಅಂದರು. ಊರೆಲ್ಲ ನಕ್ಕಿತು. ಮಾವ ತಲೆ ತಗ್ಗಿಸಿದರು.

ನಾನು ಇಂಜಿನ್ ಆರಿಸಿ ಮುಚ್ಚಳ ತೆಗೆದೆ. ಹರಳೆಣ್ಣೆಯ ವಾಸನೆ ಗಪ್ಪೆಂದು ಬಂತು. ಮೂರು ಬೆಲ್ಟೂ ಎಣ್ಣೆಯಲ್ಲಿ ಮಿರಮಿರ ಮಿಂಚುತ್ತಿದ್ದವು. ಕ್ಷಣದಲ್ಲಿ ಅರ್ಥವಾಯಿತು. ಯುಗಾದಿಯ ದಿನ ಮಾವ ಎತ್ತಿನ ಕೊಂಬಿಗೆ, ಕೊರಳ ಚರ್ಮದ ಪಟ್ಟಿಗೆ ಹರಳೆಣ್ಣೆ ತಿಕ್ಕುತ್ತಿದ್ದರು. ಪಟ್ಟಿ ಮೆತ್ತಗಾದರೆ ಕೊರಳು ಉಜ್ಜುವುದಿಲ್ಲ. ಟಿಲ್ಲರಿಗೆ ಕೊಂಬಿಲ್ಲ, ಪಟ್ಟಿಯ ಹಾಗೆ ಕಂಡದ್ದು ಬೆಲ್ಟು. ಎಣ್ಣೆ ಕುಡಿದ ಬೆಲ್ಟು ಜಾರುತ್ತದೆಯೇ ಹೊರತು ಎಳೆಯುವುದಿಲ್ಲ ಎಂದು ಅವರಿಗೆ ಯಾರು ಹೇಳಿದ್ದರು? ತಲೆಯೆತ್ತಿ ನೋಡಿದೆ. ಅವರು ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು.

ಏನಾಗಿದೆ ಎಂದು ಗಂಡ ಕೇಳಿದರು. ಬೆಲ್ಟು ಕೊಳೆಯಾಗಿದೆ, ಅಂದೆ ಅಷ್ಟೆ. ಮೂರನ್ನೂ ಬಿಚ್ಚಿಕೊಂಡು ಬಚ್ಚಲಿಗೆ ಓಡಿದೆ. ಹಬ್ಬದ ಎಣ್ಣೆಸ್ನಾನಕ್ಕೆ ಕಾಯಿಸಿದ್ದ ನೀರು ಹಂಡೆಯಲ್ಲಿ ಇನ್ನೂ ಬಿಸಿಯಿತ್ತು, ಕಲಸಿದ ಸೀಗೆಪುಡಿಯೂ ಬಟ್ಟಲಲ್ಲಿ ಮಿಕ್ಕಿತ್ತು. ಮನೆಮಂದಿ ತಲೆಗೆ ಹಾಕಿಕೊಂಡು ಉಳಿದ ಸೀಗೆಯನ್ನೆಲ್ಲ ಮೂರು ಬೆಲ್ಟುಗಳಿಗೆ ಹಾಕಿ ಉಜ್ಜಿದೆ. ಬಿಸಿನೀರು ಹುಯ್ದೆ, ಮತ್ತೆ ಉಜ್ಜಿದೆ. ಬೆಲ್ಟು ಕೂರುವ ಪುಲ್ಲಿಯ ಜಾಡುಗಳನ್ನು ಸೀಗೆ ನೀರಿನ ಬಟ್ಟೆಯಲ್ಲಿ ಒರೆಸಿ, ಎಲ್ಲವನ್ನೂ ಒಣಬಟ್ಟೆಯಲ್ಲಿ ಗಟ್ಟಿಯಾಗಿ ತಿಕ್ಕಿ, ಬೆಲ್ಟು ಏರಿಸಿ ಬಿಗಿ ಮಾಡಿದೆ. ಹೊಸ ಸೀರೆಗೆ ಮಸಿ ಬಳಿದದ್ದು ಆಮೇಲೆ ಗೊತ್ತಾಯಿತು. ತಮಟೆಯವರು ಎರಡು ಸಲ ನಿಲ್ಲಿಸಿ ಎರಡು ಸಲ ಶುರು ಮಾಡಿದ್ದರು.

ಈ ಸಲ ಹ್ಯಾಂಡಲ್ ನಾನೇ ತಿರುಗಿಸಿ, ಕ್ಲಚ್ ನಾನೇ ಬಿಟ್ಟೆ. ಟಿಲ್ಲರ್ ಮುಂದಕ್ಕೆ ಜಗ್ಗಿದ ರಭಸಕ್ಕೆ ಚೆಂಡುಹೂವಿನ ಹಾರ ಹರಿದು ಬಿತ್ತು. ಕಟ್ಟೆಯ ಮುಂದೆ ತಂದು ಎತ್ತುಗಳ ಸಾಲಿನ ಕೊನೆಯಲ್ಲಿ ನಿಲ್ಲಿಸಿ, ಹಿಡಿಯನ್ನು ಗಂಡನಿಗೆ ಕೊಡಲು ಹೋದೆ. ಹೊನ್ನಾರಿನ ಹಿಡಿ ಹೆಂಗಸರು ಹಿಡಿದದ್ದನ್ನು ನಮ್ಮೂರಲ್ಲಿ ಯಾರೂ ಕಂಡಿರಲಿಲ್ಲ.

ಮಾವ ಕುಂಟುತ್ತ ಬಂದು ಮಗನನ್ನು ಪಕ್ಕಕ್ಕೆ ಸರಿಸಿದರು. ಕಟ್ಟೆಯ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, "ಬೆಲ್ಟಿಗೆ ಎಣ್ಣೆ ಅಚ್ಚಿದ್ದು ನಾನು ಕಣ್ರಪ್ಪ. ಅವಳು ನನ್ನ ಬಿಟ್ಟುಕೊಡ್ನಿಲ್ಲ. ಇದ ಸಾಕಿರೋಳು ನಮ್ ಸೊಸೆ, ಒನ್ನಾರು ಅವ್ಳೇ ಕಟ್ತಾಳೆ," ಅಂದರು.

ಹಿಡಿ ಬಿಡದೆ ಹೊಲಕ್ಕೆ ನಡೆಸಿದೆ. ನನ್ನ ಸಾಲು ಸೊಟ್ಟಗಿತ್ತು, ಎತ್ತುಗಳು ಹೊಡೆದ ಸಾಲುಗಳ ಪಕ್ಕದಲ್ಲಿ ಎದ್ದು ಕಾಣುತ್ತಿತ್ತು. ಆದರೂ ಹೋಗುವವರು ಬರುವವರಿಗೆಲ್ಲ ಇವತ್ತಿಗೂ ತೋರಿಸುತ್ತೇನೆ, ಆ ಜಾಗದಲ್ಲಿ ಈಗ ರಾಗಿ ಬಂದಿದ್ದರೂ. ಆವತ್ತು ಸಂಜೆ ಟಿಲ್ಲರ್ ಒರೆಸುತ್ತ ಕೂತಿದ್ದಾಗ ಮಾವ ಹರಳೆಣ್ಣೆಯ ಬಟ್ಟಲು ಹಿಡಿದು ಬಂದು ನನ್ನ ಎದುರಿಗೆ, ನೋಯುವ ಮಂಡಿಯನ್ನು ಕಷ್ಟದಿಂದ ಮಡಿಸಿ ಕೂತರು.

"ಎಲ್ಲೆಲ್ಲಿಗೆ ಅಚ್ಬೋದು ತೋರ್ಸವ್ವ," ಅಂದರು.