ಪೆಟ್ಟಿಗೆ ಇದ್ದ ಜಾಗ

ನಮ್ಮ ಸೋದರಮಾವನನ್ನು ಮನೆಯವರೆಲ್ಲ ಮೇಣದ ಮಾವ ಎಂದೇ ಕರೆಯುತ್ತಿದ್ದೆವು. ಕಿಟಕಿ, ಬಾಗಿಲು ಮಾಡುವ ಬಡಗಿ ಅವನು. ಆದರೆ ಅಂಗಿ ಎಷ್ಟು ಒಗೆದರೂ ಬರುತ್ತಿದ್ದದ್ದು ಮರದ ಹೊಟ್ಟಿನ ವಾಸನೆಯಲ್ಲ, ಜೇನುಮೇಣದ್ದು. ಅತ್ತೆ ಮೂಗು ಮುರಿದು ಮುರಿದು ಸುಸ್ತಾಗಿ, ಕೊನೆಗೆ ಅದೇ ಅಭ್ಯಾಸವಾಗಿ ಸುಮ್ಮನಾದಳು.

ಊರಾಚೆ ಗೆಳೆಯನೊಬ್ಬನ ಸೂರ್ಯಕಾಂತಿ ಹೊಲದ ಬದುವಿನಲ್ಲಿ ಮಾವನ ಇಪ್ಪತ್ತು ಜೇನುಪೆಟ್ಟಿಗೆಗಳಿದ್ದವು. ಮೂವತ್ತು ವರ್ಷದ ಹಿಂದೆ ಅತ್ತೆಯ ಹೊಲಿಗೆ ಯಂತ್ರದ ಮುಚ್ಚಳದೊಳಗೆ ತಾವಾಗಿಯೇ ಬಂದು ಕೂತ ಹುಳಗಳ ಸಂತತಿ ಅದು. ಮೊದಲು ಪಕ್ಕದ ಕೊತ್ತಂಬರಿ ಹೊಲ ಸೈಟುಗಳಾಯಿತು. ಆಮೇಲೆ ಬೇಲಿಯ ಹೂಗಿಡಗಳನ್ನೆಲ್ಲ ಕಿತ್ತು ತಂತಿ ಎಳೆದರು. ಇಪ್ಪತ್ತು ಗೂಡು ಹನ್ನೆರಡಾಯಿತು, ಹನ್ನೆರಡು ಐದಾಯಿತು. "ಅವರವರ ಜಮೀನು, ಅವರವರಿಷ್ಟ" ಎನ್ನುತ್ತಿದ್ದ ಮಾವ. ಕೇಳಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ಜಗಳವಾಡಬೇಕಾದ ಕಡೆ ನ್ಯಾಯ ಹೇಳುವವರನ್ನು ಕಂಡರೆ ನನಗಾಗದು.

ಕೊನೆಗೆ ಸೂರ್ಯಕಾಂತಿ ಹೊಲವೂ ಗೋದಾಮಿನವರ ಪಾಲಾಯಿತು. ಗೆಳೆಯ ಮನೆಗೇ ಬಂದು, ನೆಲ ನೋಡುತ್ತಾ ಹೇಳಿದ. "ಸೋಮವಾರ ಮಿಷನ್ ಬರತ್ತೆ. ಪೆಟ್ಟಿಗೆ ತೆಗೆದುಬಿಡು. ನನಗೂ ಬೇರೆ ದಾರಿ ಇರ್ಲಿಲ್ಲ ಕಣೋ."

ಜೇನು ಸಾಕುವವರದ್ದೊಂದು ಕಟ್ಟುನಿಟ್ಟಿನ ನಿಯಮವಿದೆ. ಪೆಟ್ಟಿಗೆ ಸರಿಸುವುದಾದರೆ ದಿನಕ್ಕೊಂದು ಮೊಳ ಸರಿಸಬೇಕು, ಇಲ್ಲವೇ ಹುಳಕ್ಕೆ ಗುರುತೇ ಸಿಗದಷ್ಟು ದೂರ, ನಾಲ್ಕೈದು ಕಿಲೋಮೀಟರ್ ಆಚೆ ಒಯ್ಯಬೇಕು. ನಡುವೆ ಎಲ್ಲಿಟ್ಟರೂ ಅವು ಹಳೆಯ ಜಾಗಕ್ಕೇ ಹೋಗುತ್ತವೆ. ಹುಳ ನೆನಪಿಡುವುದು ಪೆಟ್ಟಿಗೆಯನ್ನಲ್ಲ, ಜಾಗವನ್ನು. ಮಾವ ಸೈಕಲ್ ಹತ್ತಿ ನಾಲ್ಕು ದಿಕ್ಕಿಗೂ ಹೋಗಿಬಂದ. ಎಲ್ಲೆಲ್ಲೂ ಸೈಟು, ಶೆಡ್ಡು. ಹೊಲ ಉಳಿಸಿಕೊಂಡಿದ್ದ ಒಂದಿಬ್ಬರು "ಕೂಲಿಯವರಿಗೆ ಕಚ್ಚತ್ತೆ" ಎಂದು ಜಾರಿಕೊಂಡರು. ಉಳಿದದ್ದು ನನ್ನ ಮನೆಯ ತಾರಸಿ. ಅದು ಹೊಲದಿಂದ ಒಂದು ಕಿಲೋಮೀಟರ್ ಕೂಡ ಇಲ್ಲ.

"ಇದು ತಪ್ಪು ಅಂತ ಗೊತ್ತು," ಎಂದ ಮಾವ, ಕೊನೆಯ ಪೆಟ್ಟಿಗೆ ಇಳಿಸುತ್ತಾ. "ಗೊತ್ತಿದ್ದೂ ಮಾಡ್ತಾ ಇದ್ದೀನಿ."

ಬಾಗಿಲುಗಳಿಗೆ ಜಾಲರಿ ಬಡಿದು ಮೂರು ದಿನ ಕತ್ತಲೆ ಕೋಣೆಯಲ್ಲಿಟ್ಟ. ನಾಲ್ಕನೆಯ ಬೆಳಿಗ್ಗೆ ತಾರಸಿಯಲ್ಲಿ ತೆರೆದು, ಜಾಗ ಬದಲಾಗಿದೆ ಎಂದು ಹುಳಕ್ಕೆ ತಿಳಿಯಲೆಂದು ಎದುರಿಗೆ ಸೊಪ್ಪಿನ ಕೊಂಬೆ ಕಟ್ಟಿದ. ಹುಳಗಳು ಕೊಂಬೆಯ ಸುತ್ತ ಗಿರಕಿ ಹೊಡೆದವು. ಮಾವನ ಮುಖ ಅರಳಿತು. ನಾನೂ ನಂಬಿ ಟೀ ಮಾಡಲು ಹೋದೆ. ಮಧ್ಯಾಹ್ನದ ಹೊತ್ತಿಗೆ ಪೆಟ್ಟಿಗೆಗಳಲ್ಲಿ ರಾಣಿ ಮತ್ತು ಇನ್ನೂ ಹಾರಲಾರದ ಎಳೆಯ ಹುಳಗಳಷ್ಟೇ ಉಳಿದಿದ್ದವು.

ಖಾಲಿ ಪೆಟ್ಟಿಗೆಯೊಂದನ್ನು ಹಿಡಿದು ಇಬ್ಬರೂ ಓಡಿದೆವು. ತಂತಿ ಬೇಲಿಯಾಚೆ ನೆಲ ಸಮ ಮಾಡಿ ಜಲ್ಲಿ ಹರವಿದ್ದರು. ಬದು ಇರಲಿಲ್ಲ, ಹೊಲವೂ ಇರಲಿಲ್ಲ. ಪೆಟ್ಟಿಗೆಗಳಿದ್ದ ಕಡೆ ಮಾತ್ರ, ಸೊಂಟದೆತ್ತರದಲ್ಲಿ, ಬರಿಯ ಗಾಳಿಯನ್ನು ಹುಳಗಳು ಸುತ್ತುತ್ತಿದ್ದವು. ಕೆಲಸದವರು ದೂರ ನಿಂತಿದ್ದರು. ಒಬ್ಬ ಬೆನ್ನಿಗೆ ಔಷಧಿ ಹೊಡೆಯುವ ಡಬ್ಬ ಕಟ್ಟಿಕೊಳ್ಳುತ್ತಿದ್ದ.

"ಸಂಜೆವರೆಗೆ ಬಿಡಿ, ನಾನೇ ತುಂಬ್ಕೊಂಡು ಹೋಗ್ತೀನಿ," ಎಂದು ಮಾವ ಗೇಟಿನ ಕಾವಲುಗಾರನಲ್ಲಿ ಅಂಗಲಾಚಿದ.

"ಒಳಗೆ ಬಿಟ್ರೆ ನನ್ನ ಕೆಲಸ ಹೋಗತ್ತೆ ಯಜಮಾನ್ರೇ," ಎಂದ ಕಾವಲುಗಾರ. ಪಾಪ, ಮೇಲಿನವರಿಗೆ ಎರಡು ಸಲ ಫೋನ್ ಮಾಡಿದ. ಯಾರೂ ಎತ್ತಲಿಲ್ಲ.

ನಾನು ಬಾಯಿಗೆ ಬಂದ ಹಾಗೆ ಬೈದೆ. ಗೆಳೆಯನನ್ನು, ಗೋದಾಮಿನವರನ್ನು, ಕೊನೆಗೆ ಹುಳಗಳನ್ನೂ. "ದಾರಿ ತಪ್ಪಿ ಬಂದು ಸಾಯ್ತಾವಲ್ಲ, ಬುದ್ಧಿಗೆಟ್ಟವು."

ಮಾವ ನನ್ನ ಮೇಲೆ ಸಿಟ್ಟಾದದ್ದು ಅದೊಂದೇ ಸಲ.

"ಅವನ್ನ ಬೈಬೇಡ," ಎಂದ. "ಅವು ದಾರಿ ತಪ್ಪಿಲ್ಲ. ಸರಿಯಾಗೇ ಬಂದಿವೆ."

ಖಾಲಿ ಪೆಟ್ಟಿಗೆಯನ್ನು ಬೇಲಿಗೆ ಒತ್ತಿ ಇಟ್ಟು, ಬಾಗಿಲನ್ನು ಹುಳಗಳ ಕಡೆ ತಿರುಗಿಸಿ, ಔಷಧಿಯವನು ಕೆಲಸ ಮುಗಿಸಿ ಡಬ್ಬ ಇಳಿಸುವವರೆಗೂ ಅದರ ಪಕ್ಕದಲ್ಲೇ ಕೂತಿದ್ದ.