ಬಣ್ಣದ ಡಬ್ಬ, ಗಿಡದ ಡಬ್ಬ

ಮಾವ ಗುಲಾಬಿ ಬೆಳೆಸುವುದು ಜನರ ತಲೆಗೂದಲಿನಿಂದ ಎಂದು ಸೊಸೆಗೆ ಗೊತ್ತಾದದ್ದು ಮದುವೆಯಾದ ಮೂರನೇ ದಿನ. ಮನೆಯ ಮುಂದಿನ ಕೋಣೆಯೇ ಮಾವನ ಕಟಿಂಗ್ ಶಾಪ್: ಒಂದು ತಿರುಗುವ ಕುರ್ಚಿ, ಅಂಚು ಕಪ್ಪುಗಟ್ಟಿದ ಕನ್ನಡಿ, ಕಾಯುವವರಿಗೊಂದು ಬೆಂಚು. ಹಿಂಬಾಗಿಲು ದಾಟಿದರೆ ಅಂಗಳ, ಅಲ್ಲಿ ಹನ್ನೊಂದು ಗುಲಾಬಿ ಗಿಡ. ಗುಡಿಸಿದ ಕೂದಲನ್ನು ಮಾವ ತರಕಾರಿ ಸಿಪ್ಪೆ, ಚಹಾದ ಗಸಿಯ ಜೊತೆ ಗುಂಡಿಗೆ ಸುರಿದು ಒಣಗಿದೆಲೆ ಮುಚ್ಚುತ್ತಿದ್ದರು. ಅದು ಕೊಳೆತು ಕಪ್ಪು ಮಣ್ಣಾದ ಮೇಲೆ ಗಿಡದ ಬುಡಕ್ಕೆ.

"ನಲವತ್ತು ವರ್ಷದಿಂದ ಈ ಬೀದಿಯ ತಲೆಗಳೆಲ್ಲ ಈ ಗಿಡದ ಹೊಟ್ಟೇಲಿವೆ ನೋಡಮ್ಮ" ಎಂದಿದ್ದರು. ಅಂದು ಸೊಸೆಗೆ ಊಟ ಸೇರಲಿಲ್ಲ.

ಆಮೇಲಾಮೇಲೆ ಅಭ್ಯಾಸವಾಯಿತು. ಮಾವ ಗಿಡವನ್ನೂ ಗಿರಾಕಿಯಂತೆಯೇ ನೋಡುತ್ತಿದ್ದರು. ಕತ್ತರಿ ಹಿಡಿದು ಒಂದು ಸುತ್ತು ಹಾಕಿ, ಕತ್ತು ವಾಲಿಸಿ, ಹೊರಮುಖವಾಗಿ ಚಿಗುರುವ ಗೆಣ್ಣು ಹುಡುಕಿ, ಅದರ ಮೇಲೆ ಓರೆಯಾಗಿ ಒಂದೇ ಸಲ ಕತ್ತರಿಸುವರು. ನೀರು ಬುಡಕ್ಕೆ ಮಾತ್ರ. ಎಲೆ ಒದ್ದೆಯಾದರೆ ಕಪ್ಪುಚುಕ್ಕೆ ಬರುತ್ತದೆ. ಚಿಗುರಿಗೆ ಹಸಿರು ಹೇನು ಮುತ್ತಿದರೆ ಸೋಪಿನ ನೀರು. "ಹೇನು ಬಿದ್ದರೆ ನನ್ನ ಹತ್ತಿರ ಬರದೆ ಇನ್ನೆಲ್ಲಿಗೆ ಹೋಗ್ತವೆ?" ಎಂದು ನಗುವರು. ಪೇಟೆಯ ಕೀಟನಾಶಕ ಅಂಗಳಕ್ಕೆ ಕಾಲಿಟ್ಟಿರಲಿಲ್ಲ.

ತಾಪತ್ರಯ ಶುರುವಾದದ್ದು ಸೊಸೆಯ ಒಂದೂವರೆ ವರ್ಷದ ಮಗಳು ಪುಟ್ಟಿ ಗುಲಾಬಿ ಪಕಳೆ ತಿನ್ನಲು ಕಲಿತಾಗ. ಸೊಸೆ ಮಕ್ಕಳ ಡಾಕ್ಟರಿಗೆ ಒಂದೇ ದಿನ ಮೂರು ಸಲ ಫೋನ್ ಮಾಡಿದಳು. "ಔಷಧಿ ಹೊಡೆದಿಲ್ಲ ತಾನೆ? ತಿಂದ್ರೆ ತಿನ್ನಲಿ ಬಿಡಮ್ಮ" ಎಂದರು ಡಾಕ್ಟರು, ಮೂರನೇ ಸಲ ಸ್ವಲ್ಪ ಗಟ್ಟಿಯಾಗಿ. ಆದರೂ ಅವಳ ಎದೆ ಹಗುರಾಗಲಿಲ್ಲ. ಕೂದಲ ಬಣ್ಣದ ಪೊಟ್ಟಣದ ಮೇಲೆ 'ಮಕ್ಕಳ ಕೈಗೆ ಸಿಗದಂತೆ ಇಡಿ' ಎಂದು ಬರೆದದ್ದು ನೆನಪಾಯಿತು. ಆ ಪೊಟ್ಟಣ ಅವಳಿಗೆ ಹೇಗೆ ಬಾಯಿಪಾಠವಾಗಿತ್ತು ಎಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

"ಬಣ್ಣ ಹಾಕಿದ ಕೂದಲು ಇನ್ನು ಗುಂಡಿಗೆ ಬೀಳಬಾರದು ಮಾವ. ಆಗಲ್ಲ ಅಂದ್ರೆ ಗಿಡಗಳನ್ನೇ ಯಾರಿಗಾದ್ರೂ ಕೊಟ್ಟುಬಿಡಿ."

ಮಾವ ಹನ್ನೊಂದು ಗಿಡಗಳನ್ನೂ ಒಮ್ಮೆ ನೋಡಿದರು. "ಆಯ್ತಮ್ಮ."

ಸೊಸೆ ಮಾಡುವ ಕೆಲಸ ಅಚ್ಚುಕಟ್ಟು. ಅಂಗಡಿಯಲ್ಲಿ ಕನ್ನಡಿಯ ಕೆಳಗೆ ಎರಡು ಡಬ್ಬ ಇಟ್ಟು, 'ಗಿಡಕ್ಕೆ', 'ಬಣ್ಣ' ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿದಳು. ಒಂದೊಂದು ತಲೆ ಮುಗಿದ ಕೂಡಲೇ ಗುಡಿಸಬೇಕು, ಆಯಾ ಡಬ್ಬಕ್ಕೆ ಹಾಕಬೇಕು.

ಭಾನುವಾರ ಬೆಂಚು ತುಂಬಿತ್ತು. ಕುರ್ಚಿಯಲ್ಲಿ ಹೆಡ್‌ಮೇಷ್ಟ್ರು, ನಿವೃತ್ತರಾಗಿ ಹನ್ನೆರಡು ವರ್ಷ, ತಲೆ ಇದ್ದಿಲಿನಷ್ಟು ಕಪ್ಪು. "ನಮ್ಮ ವಂಶದಲ್ಲೇ ನರೆ ಇಲ್ಲಪ್ಪ" ಎಂಬುದು ಅವರು ಪ್ರತಿ ತಿಂಗಳೂ ಕುರ್ಚಿಯಲ್ಲಿ ಕೂತು ಹೇಳುವ ಮಾತು. "ಹೌದು ಹೌದು" ಎಂಬುದು ಮಾವನ ಉತ್ತರ.

ಮೇಷ್ಟ್ರು ಎದ್ದರು. ಮಾವ ಗುಡಿಸಿದರು. ಮೊರ ಹಿಡಿದು ಡಬ್ಬಗಳ ಮುಂದೆ ನಿಂತುಬಿಟ್ಟರು. ಹಿಂಬಾಗಿಲಲ್ಲಿ ಪುಟ್ಟಿಯನ್ನು ಎತ್ತಿಕೊಂಡ ಸೊಸೆ. ಪುಟ್ಟಿಯ ಬಾಯಲ್ಲಿ ಕೆಂಪು ಪಕಳೆ. ಮಾವ ಕಣ್ಣು ಮುಚ್ಚಿ 'ಬಣ್ಣ'ಕ್ಕೆ ಸುರಿದರು.

ಬೆಂಚಿನ ಮೇಲೆ ಪೇಪರ್ ಓದುತ್ತಿದ್ದ ಎಲೆಕ್ಟ್ರಿಷಿಯನ್ ತಲೆ ಎತ್ತಿದ. "ಮೇಷ್ಟ್ರೇ, ವಂಶ ಯಾವ ಡಬ್ಬಕ್ಕೆ ಹೋಯ್ತು ನೋಡಿದ್ರಾ?"

ಮೇಷ್ಟ್ರು ಕೊಡೆ ಮರೆತು ಹೊರಟುಹೋದರು. ಮುಂದಿನ ವಾರ ಇನ್ನೂ ನಾಲ್ಕು ಕರಿತಲೆಗಳು ಬರಲಿಲ್ಲ. ಬೀದಿಯ ಆ ತುದಿಯ ಅಂಗಡಿಯಲ್ಲಿ ಡಬ್ಬ ಒಂದೇ ಎಂದು ಸುದ್ದಿ. ಮಾವ ತಮ್ಮ ಕುರ್ಚಿಯಲ್ಲಿ ತಾವೇ ಕೂತು ಮೆಲ್ಲಗೆ ತಿರುಗುತ್ತಿದ್ದರು. ಬೈದಿದ್ದರೆ ಸೊಸೆಗೆ ವಾಸಿಯಿತ್ತು.

ತಡೆಯಲಾರದೆ ಅವಳು 'ಬಣ್ಣ'ದ ಡಬ್ಬ ಖಾಲಿ ಮಾಡಲು ಎತ್ತಿಕೊಂಡಳು. ಗಂಡಸರ ತುಂಡುಗೂದಲಿನ ಮೇಲೆ ಬೆರಳಿಗೆ ಸುತ್ತಿ ಉಂಡೆ ಮಾಡಿದ ಉದ್ದ ಕೂದಲು ಏಳೆಂಟಿತ್ತು. ಆ ಉಂಡೆಯ ಗುರುತು ಅವಳಿಗಿಲ್ಲದೆ ಇನ್ಯಾರಿಗೆ?

"ಮಾವ, ಇದು..."

"ಬಾಚಿ ಕಿಟಕಿ ಸರಳಿಗೆ ಸಿಕ್ಕಿಸ್ತೀಯಲ್ಲ. ಗಾಳಿಗೆ ಅಂಗಳಕ್ಕೆ ಬೀಳುತ್ತೆ. ಆರಿಸಿ ಹಾಕಿದೆ."

"ನಿಮ್ಮ ಮಗನಿಗೂ ಗೊತ್ತಿಲ್ಲ. ಬಾಣಂತನದಲ್ಲೇ ನರೆ ಬಂತು."

"ಮುಂದಲೆ ಎಡಗಡೆ. ಗೊತ್ತು."

"ಮತ್ತೆ ನನಗ್ಯಾಕೆ ಹೇಳಲಿಲ್ಲ? ಎಲ್ಲರಿಗೂ ರೂಲ್ಸ್ ಮಾಡಿದವಳು ನಾನು."

ಮಾವ ಕುರ್ಚಿಯನ್ನು ನಿಲ್ಲಿಸಿದರು. "ಕುರ್ಚಿ ಮೇಲಿನ ತಲೆ ವಿಷಯ ಕುರ್ಚಿಯಲ್ಲೇ ಇರ್ಬೇಕಮ್ಮ. ನಾನು ಕಲಿತಿದ್ದು ಅದೊಂದೇ. ಈ ಚೀಟಿ ಅಂಟಿಸಿದ ಮೇಲೆ ಅದೂ ಹೋಯ್ತು."

ಸೊಸೆ ಚೀಟಿಗಳನ್ನು ಕಿತ್ತಳು. ಎರಡೂ ಡಬ್ಬ ಹಿಂಬಾಗಿಲ ಪರದೆಯ ಆಚೆಗೆ ಹೋದವು. ಇನ್ನು ಯಾರ ಕೂದಲು ಎಲ್ಲಿ ಬಿತ್ತೆಂದು ಮಾವನನ್ನೂ ಗಿಡವನ್ನೂ ಬಿಟ್ಟು ಬೇರೆಯವರಿಗೆ ತಿಳಿಯುವಂತಿರಲಿಲ್ಲ. ಆಮೇಲೆ ಮೂರು ಗುಲಾಬಿ ಕೊಯ್ದು, ಕೊಡೆ ಹಿಡಿದು, ಪುಟ್ಟಿಯನ್ನು ಸೊಂಟಕ್ಕೇರಿಸಿ ಮೇಷ್ಟ್ರ ಮನೆಗೆ ಹೊರಟಳು. ದಾರಿಯಲ್ಲಿ ಹೂ ಎರಡಾಯಿತು.

ಮೇಷ್ಟ್ರು ಬಾಗಿಲು ಅರ್ಧ ತೆಗೆದು, ಒಳಗೆ ಕರೆಯದೆ ಕೊಡೆ ತೆಗೆದುಕೊಂಡರು.

"ಮೇಷ್ಟ್ರೇ, ತಪ್ಪು ನನ್ನದು, ಮಾವನದಲ್ಲ." ಉಳಿದ ಎರಡು ಹೂ ಮುಂದೆ ಚಾಚಿದಳು. "ಆ ಡಬ್ಬದಲ್ಲಿ ನನ್ನ ಕೂದಲೂ ಇತ್ತು."

ಮೇಷ್ಟ್ರು ಕನ್ನಡಕ ಏರಿಸಿ ಅವಳ ಮುಂದಲೆಯನ್ನು ಉತ್ತರಪತ್ರಿಕೆ ತಿದ್ದುವಂತೆ ನೋಡಿದರು. ಬೀದಿಯ ಆ ಕಡೆ, ಈ ಕಡೆ ಕಣ್ಣು ಹಾಯಿಸಿದರು. ಬಾಗಿಲು ಪೂರ್ತಿ ತೆರೆಯಿತು.

"ನೀನು ಯಾವುದು ಹಚ್ತೀಯಮ್ಮ?" ಎಂದರು ಪಿಸುದನಿಯಲ್ಲಿ. "ನನ್ನದು ಭಾರಿ ತುರಿಕೆ."

ಭಾನುವಾರ ಮೇಷ್ಟ್ರು ಕುರ್ಚಿಯಲ್ಲಿದ್ದರು. ಬಟ್ಟೆ ಹೊದಿಸಿಕೊಂಡು, ಬೆಂಚಿನ ಕಡೆ ತಿರುಗಿ, ನಮ್ಮ ವಂಶದಲ್ಲೇ ನರೆ ಇಲ್ಲ ಎಂದರು. ಮಾವ ಕತ್ತು ವಾಲಿಸಿ, ಕತ್ತರಿ ಎತ್ತಿ, "ಹೌದು ಹೌದು" ಎಂದರು. ಪರದೆಯ ಹಿಂದಿನಿಂದ ಸೊಸೆಯೂ ಹೌದೆಂದಳು.